ರೋಗಿಯ ಹಾಳೆಯಲ್ಲಿ ಇಲ್ಲದಿದ್ದ ಒಂದು ಪ್ರಶ್ನೆ: ಹಕ್ಕಿ ಎಲ್ಲೆಲ್ಲಿ ಹೋಗಿತ್ತು?

ಬೆಂಗಳೂರಿನ ದಕ್ಷಿಣ ಭಾಗದ ಒಂದು ಸಣ್ಣ ಪಶುವೈದ್ಯ ಚಿಕಿತ್ಸಾಲಯದಲ್ಲಿ ನಾನು ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಆರಂಭದಲ್ಲಿ ನಮ್ಮ ಬಾಗಿಲಿಗೆ ಬರುತ್ತಿದ್ದುದು ಬಹುಪಾಲು ನಾಯಿ ಮತ್ತು ಬೆಕ್ಕು. ಈಗ ದಿನಕ್ಕೆ ಮೂರು ನಾಲ್ಕು ಹಕ್ಕಿಗಳಾದರೂ ಬರುತ್ತವೆ. ಎಲ್ಲರೂ ಲವ್ ಬರ್ಡ್ಸ್ ಎಂದೇ ಕರೆಯುವ ಬಜರಿಗರ್, ತಲೆಯ ಮೇಲೆ ಜುಟ್ಟಿರುವ ಕಾಕಟೀಲ್, ಅಪರೂಪಕ್ಕೊಮ್ಮೆ ಆಫ್ರಿಕನ್ ಗ್ರೇ ಗಿಳಿ, ಹೀಗೆ. ಹಕ್ಕಿ ಬಂದಾಗ ತುಂಬಿಸಲು ನಾನೇ ಒಂದು ಹಾಳೆಯನ್ನು ಸಿದ್ಧಪಡಿಸಿಕೊಂಡಿದ್ದೆ: ವಯಸ್ಸೆಷ್ಟು, ನವಣೆಯಲ್ಲದೆ ಮತ್ತೇನು ತಿನ್ನುತ್ತದೆ, ಹಿಕ್ಕೆಯ ಬಣ್ಣ ಹೇಗಿದೆ, ಮನೆಯಲ್ಲಿ ಬೇರೆ ಹಕ್ಕಿಗಳಿವೆಯೇ, ಅಡುಗೆಮನೆ ಪಂಜರದಿಂದ ಎಷ್ಟು ದೂರ. ಸಾಕಷ್ಟು ವಿವರವಾದ ಹಾಳೆ ಎಂದು ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಕಳೆದ ಹದಿನೈದು ದಿನಗಳಲ್ಲಿ ಈ ಹಕ್ಕಿ ಮನೆಯಿಂದ ಹೊರಗೆ ಎಲ್ಲೆಲ್ಲಿ ಹೋಗಿತ್ತು ಎಂಬ ಪ್ರಶ್ನೆ ಮಾತ್ರ ಅದರಲ್ಲಿ ಇರಲಿಲ್ಲ. ಹಕ್ಕಿ ಎಂದರೆ ಪಂಜರದಲ್ಲಿ ಇರುವಂಥದ್ದು ಎಂದು ನಾನು ಯೋಚಿಸದೆಯೇ ಒಪ್ಪಿಕೊಂಡುಬಿಟ್ಟಿದ್ದೆ.

ಆ ಪ್ರಶ್ನೆಯನ್ನು ಹಾಳೆಗೆ ಸೇರಿಸಲು ಕಾರಣವಾದದ್ದು ಬಸವನಗುಡಿಯ ನಿವೃತ್ತ ಶಿಕ್ಷಕಿಯೊಬ್ಬರ ಕಾಕಟೀಲ್. ಏಪ್ರಿಲ್ ತಿಂಗಳಲ್ಲಿ ಅವರು ಅದನ್ನು ತಂದು, ಮನೆಯ ಫ್ಯಾನಿಗೆ ಹಾರಿ ಪೆಟ್ಟು ಮಾಡಿಕೊಳ್ಳದಂತೆ ರೆಕ್ಕೆ ಕತ್ತರಿಸಿಕೊಡಿ ಎಂದು ಕೇಳಿದ್ದರು. ಎರಡೂ ರೆಕ್ಕೆಗಳ ಹೊರ ಅಂಚಿನ ಉದ್ದ ಗರಿಗಳನ್ನು ನಾನು ಸಮವಾಗಿ ಕತ್ತರಿಸಿದೆ, ತೂಕ ನೋಡಿ 92 ಗ್ರಾಂ ಎಂದು ಬರೆದುಕೊಂಡೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಅವರು ಆ ಮೇಲೆ ಹಕ್ಕಿಯನ್ನು ಭುಜದ ಮೇಲೆ ಕೂರಿಸಿಕೊಂಡು ತರಕಾರಿಗೆ, ಹಾಲಿಗೆ, ಸಂಜೆಯ ವಾಯುವಿಹಾರಕ್ಕೆ ಹೋಗತೊಡಗಿದ್ದರು; ಬೀದಿಯ ಮಕ್ಕಳಿಗೆಲ್ಲ ಅದು ಪರಿಚಿತವಾಗಿತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಅವರು ಸೇವಂತಿಗೆ ಹೂವಿಗೆ ಚೌಕಾಸಿ ಮಾಡುತ್ತಿದ್ದಾಗ ಪಕ್ಕದಲ್ಲೇ ಯಾರೋ ಆಟೋದ ಹಾರನ್ ಒತ್ತಿದರು. ಹಕ್ಕಿ ಎದ್ದು, ಹೂವಿನಂಗಡಿಗಳ ಟಾರ್ಪಾಲಿನ ಮೇಲಿಂದ ಹಾದು, ನೇರವಾಗಿ ಒಂದು ದೊಡ್ಡ ಮರದ ತುದಿಗೆ ಹೋಗಿ ಕುಳಿತಿತು.

ಹಬ್ಬದ ದಿನವೆಲ್ಲ ಅವರು ಆ ಮರದ ಕೆಳಗೇ ನಿಂತು ಕರೆದರು. ಹಕ್ಕಿ ಉತ್ತರ ಕೊಡುತ್ತಿತ್ತು, ಆದರೆ ಇಳಿಯುತ್ತಿರಲಿಲ್ಲ. ಇಳಿಯಲು ಇಷ್ಟವಿಲ್ಲದೆ ಅದು ಹಾಗೆ ಕುಳಿತಿರಲಿಲ್ಲ. ಕೋಣೆಯೊಳಗೆ ಬೆಳೆದ ಹಕ್ಕಿಗೆ ಮೇಲಕ್ಕೆ ಏರುವುದು ಹೆದರಿಕೆಯಿಂದಲೇ ಬಂದುಬಿಡುತ್ತದೆ, ಎತ್ತರದಿಂದ ಕಡಿದಾಗಿ ಕೆಳಗಿಳಿಯುವುದನ್ನು ಮಾತ್ರ ಅಭ್ಯಾಸದಿಂದಲೇ ಕಲಿಯಬೇಕು. ಆ ಅಭ್ಯಾಸಕ್ಕೆ ಎಂಟು ಅಡಿ ಎತ್ತರದ ಹಾಲ್ ಸಾಲುವುದಿಲ್ಲ. ಸಂಜೆಗೆ ಕಾಗೆಗಳು ಮುತ್ತಿದವು, ಹಕ್ಕಿ ಅಲ್ಲಿಂದಲೂ ಹಾರಿಹೋಯಿತು. ಮೂರನೆಯ ದಿನ ಬೆಳಿಗ್ಗೆ ಎರಡು ಬೀದಿ ಆಚೆಯ ಮನೆಯೊಂದರ ನೀರಿನ ತೊಟ್ಟಿಯ ಮೇಲೆ ಅದು ಸಿಕ್ಕಿತು. ನನ್ನ ಮೇಜಿನ ಮೇಲೆ ತಂದಿಟ್ಟಾಗ ತೂಕ 71 ಗ್ರಾಂ. ಎದೆಯ ಮೂಳೆ ಚಾಕುವಿನ ಅಂಚಿನಂತೆ ಬೆರಳಿಗೆ ತಗಲುತ್ತಿತ್ತು. ಬೆಚ್ಚಗಿನ ಪೆಟ್ಟಿಗೆ, ಚರ್ಮದಡಿಗೆ ದ್ರವ, ಎರಡು ಗಂಟೆಗೊಮ್ಮೆ ಕೊಳವೆಯಿಂದ ತೆಳು ಆಹಾರ, ಹೀಗೆ ನಾಲ್ಕು ದಿನ ಕಳೆದ ಮೇಲೆ ಅದು ತಾನಾಗಿ ಕಾಳು ಕುಟುಕಿತು.

ಆ ಶಿಕ್ಷಕಿ ನನ್ನನ್ನು ದೂರಲಿಲ್ಲ. "ನೀವು ರೆಕ್ಕೆ ಕತ್ತರಿಸಿದ್ದೀರಲ್ಲ ಎಂಬ ಧೈರ್ಯದಲ್ಲೇ ಹೊರಗೆ ಕರೆದುಕೊಂಡು ಹೋಗುತ್ತಿದ್ದೆ ಡಾಕ್ಟರೇ" ಎಂದಷ್ಟೇ ಹೇಳಿದರು. ಅವರು ಹೋದ ಮೇಲೆ ಏಪ್ರಿಲ್ ತಿಂಗಳ ಹಾಳೆಯನ್ನು ತೆಗೆದು ನೋಡಿದೆ. "ರೆಕ್ಕೆ ಕತ್ತರಿಸಲಾಗಿದೆ" ಎಂಬ ಒಂದೇ ಸಾಲು ಅಲ್ಲಿತ್ತು. ಗರಿ ಉದುರುವ ಕಾಲದಲ್ಲಿ ಹಳೆಯ ತುಂಡು ಗರಿಗಳು ಹೋಗಿ ಹೊಸವು ಒಂದೊಂದಾಗಿ ಬರುತ್ತವೆ, ನಾಲ್ಕು ತಿಂಗಳಲ್ಲಿ ಹಾರಲು ಬೇಕಾದಷ್ಟು ಗರಿಗಳು ಬಂದಿರಬಹುದು ಎಂದು ನನಗೆ ಗೊತ್ತಿತ್ತು; ಅವರಿಗೆ ಗೊತ್ತಿರಬೇಕಾದ ಕಾರಣವಿರಲಿಲ್ಲ. ಅಷ್ಟೇ ಅಲ್ಲ, ಕತ್ತರಿಸಿದ ಮರುದಿನವೇ ಆದರೂ ಕಾಕಟೀಲಿನಂಥ ಹಗುರ ಮೈ ಮತ್ತು ಉದ್ದ ರೆಕ್ಕೆಯ ಹಕ್ಕಿ ಬಯಲಿನಲ್ಲಿ ಒಂದು ಬೀಸುಗಾಳಿ ಸಿಕ್ಕರೆ ಸಾಕಷ್ಟು ದೂರ ಹೋಗಬಲ್ಲದು. ಗರಿ ಕತ್ತರಿಸುವುದರಿಂದ ಮೇಲೇಳುವ ಶಕ್ತಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಫ್ಯಾನಿಗಾಗಿ ನಾನು ಮಾಡಿದ ಕೆಲಸವನ್ನು ಅವರು ಬೀದಿಗೂ ಅನ್ವಯಿಸಿಕೊಂಡರು, ಮತ್ತು ಹಾಗೆ ಅನ್ವಯಿಸಿಕೊಳ್ಳಬೇಡಿ ಎಂದು ನಾನು ಹೇಳಿರಲಿಲ್ಲ.

ಅಂದಿನಿಂದ ಹೊರಗೆ ಕರೆದುಕೊಂಡು ಹೋಗುವ ಸಲುವಾಗಿ ರೆಕ್ಕೆ ಕತ್ತರಿಸಿಕೊಡಿ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಹೊರಗೆ ಹೋಗಲೇಬೇಕಾದರೆ ಗಟ್ಟಿ ಬೀಗದ ಪ್ರಯಾಣದ ಪಂಜರವಿರಬೇಕು. ಇಲ್ಲವೇ ಎದೆ ಮತ್ತು ರೆಕ್ಕೆಗಳ ಬುಡವನ್ನು ಸುತ್ತಿಕೊಳ್ಳುವ ಹಾರ್ನೆಸ್ ಅನ್ನು ವಾರಗಟ್ಟಲೆ ಮನೆಯಲ್ಲೇ ರೂಢಿ ಮಾಡಿಸಿರಬೇಕು. ದೊಡ್ಡದಾದ ಮೇಲೆ ಹಾರ್ನೆಸ್ ಅನ್ನು ಒಪ್ಪಿಕೊಳ್ಳದ ಹಕ್ಕಿಗಳೇ ಹೆಚ್ಚು, ಅವುಗಳಿಗೆ ಬಲವಂತ ಮಾಡಬಾರದು. ಕಾಲಿಗೆ ಸರಪಳಿ ಕಟ್ಟುವುದಂತೂ ಬೇಡವೇ ಬೇಡ: ಬೆಚ್ಚಿದ ಹಕ್ಕಿ ತನ್ನ ಪೂರ್ಣ ವೇಗದಲ್ಲಿ ಜಿಗಿದಾಗ ಆ ಎಳೆತವೆಲ್ಲ ಬೆಂಕಿಕಡ್ಡಿಯಷ್ಟು ದಪ್ಪದ ಒಂದು ಎಲುಬಿನ ಮೇಲೆ ಬೀಳುತ್ತದೆ. ಹಾಗೆ ಮುರಿದ ಕಾಲುಗಳಿಗೆ ನಾನು ಪಟ್ಟಿ ಕಟ್ಟಿದ್ದೇನೆ.

ಹಾಳೆಗೆ ಹೊಸ ಪ್ರಶ್ನೆ ಸೇರಿದ ಮೇಲೆ ಬಂದ ಉತ್ತರಗಳು ನನ್ನನ್ನು ಚಕಿತಗೊಳಿಸಿದವು. ಮಾಲ್, ಕಬ್ಬನ್ ಪಾರ್ಕ್, ಸಂಬಂಧಿಕರ ಗೃಹಪ್ರವೇಶ, ನಂದಿ ಬೆಟ್ಟ, ಮೊಬೈಲ್ ಅಂಗಡಿ. ಹಕ್ಕಿಗಳು ನನಗಿಂತ ಹೆಚ್ಚು ಊರು ಸುತ್ತುತ್ತಿದ್ದವು. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಸರ್ಕಾರಿ ಬಸ್ಸಿನಲ್ಲಿ ನಾಲ್ಕು ಸಾಕು ಹಕ್ಕಿಗಳಿಗೆ ತಲಾ 111 ರೂಪಾಯಿಯಂತೆ 444 ರೂಪಾಯಿ ಟಿಕೆಟ್ ಹರಿದದ್ದು ಸುದ್ದಿಯಾಗಿ, ಶಕ್ತಿ ಯೋಜನೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳಿಗೆ ಉಚಿತ, ಹಕ್ಕಿಗಳಿಗೆ ಮಾತ್ರ ದುಡ್ಡು ಎಂದು ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ; ಆದರೆ ಹಕ್ಕಿಯೊಂದಿಗೆ ಪ್ರಯಾಣ ಮಾಡುವವರು ಇಷ್ಟು ಜನರಿದ್ದಾರೆ ಎಂಬುದು ಟಿಕೆಟ್ ಕೊಡುವವರಿಗೆ ಗೊತ್ತಿತ್ತು, ಚಿಕಿತ್ಸೆ ಕೊಡುವ ನನಗೆ ತಡವಾಗಿ ಗೊತ್ತಾಯಿತು ಎಂದೂ ಅನ್ನಿಸಿತು.

ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಾಕ್ಯವಿದೆ: "ತುಂಬಾ ಖುಷಿಯಾಗಿರುತ್ತೆ ಡಾಕ್ಟರೇ, ಒಂದಿಷ್ಟೂ ಗಲಾಟೆ ಮಾಡದೆ ಕೂತಿರುತ್ತೆ." ಮನೆಯಲ್ಲಿ ಇಡೀ ದಿನ ಶಿಳ್ಳೆ ಹೊಡೆಯುವ ಹಕ್ಕಿ ಮಾಲಿನಲ್ಲಿ ಎರಡು ಗಂಟೆ ಬಾಯಿ ಬಿಡದೆ ಕುಳಿತರೆ ಅದು ಖುಷಿಯಲ್ಲ. ಹಕ್ಕಿ ಇನ್ನೊಂದು ಪ್ರಾಣಿಯ ಬೇಟೆಯಾಗಿಯೇ ವಿಕಾಸ ಹೊಂದಿದ ಜೀವಿ, ಹೆದರಿದಾಗ ಮೊದಲು ಅಲ್ಲಾಡದೆ ಕೂರುವುದೇ ಅದರ ರಕ್ಷಣೆ. ಗರಿಗಳೆಲ್ಲ ಮೈಗೆ ಅಂಟಿ ಹಕ್ಕಿ ತೆಳ್ಳಗೆ, ಉದ್ದವಾಗಿ ಕಾಣುತ್ತದೆ, ಕಾಕಟೀಲಿನ ಜುಟ್ಟು ನೆಟ್ಟಗೆ ನಿಲ್ಲುತ್ತದೆ ಅಥವಾ ತಲೆಗೆ ಒತ್ತಿಕೊಳ್ಳುತ್ತದೆ, ಉಸಿರಿನೊಂದಿಗೆ ಬಾಲ ಮೇಲೆ ಕೆಳಗೆ ಆಡುತ್ತದೆ, ಹಿಕ್ಕೆ ನೀರಾಗುತ್ತದೆ. ಆ ಹೊತ್ತಿಗೆ ಸುತ್ತ ಸೇರಿದವರು ಸೆಲ್ಫಿಗಾಗಿ ಮೊಬೈಲನ್ನು ಮೇಲಿಂದ ಚಾಚುತ್ತಾರೆ, ಮಕ್ಕಳು ತಲೆಯ ಮೇಲಿಂದ ಕೈ ತರುತ್ತಾರೆ. ಮೇಲಿಂದ ಬರುವುದೆಲ್ಲ ಹಕ್ಕಿಯ ಪಾಲಿಗೆ ಹದ್ದೇ. ಇದು ಬರೀ ಹೋಲಿಕೆಯೂ ಅಲ್ಲ. ಬೆಂಗಳೂರಿನ ಆಕಾಶದಲ್ಲಿ ಹದ್ದುಗಳಿಗೆ ಬರವಿಲ್ಲ, ತೆರೆದ ಪಾರ್ಕಿನಲ್ಲಿ ಭುಜದ ಮೇಲೆ ಕುಳಿತ ಬಿಳಿ ಹಕ್ಕಿ ಮೇಲಿಂದ ಚೆನ್ನಾಗಿಯೇ ಕಾಣುತ್ತದೆ.

ಮಾಲಿನೊಳಗೆ ಹದ್ದಿಲ್ಲವಲ್ಲ ಎಂದು ಒಬ್ಬರು ವಾದಿಸಿದರು. ನಿಜ, ಆದರೆ ಅಲ್ಲಿ ಗಾಳಿಯೇ ಬೇರೆ. ಹಕ್ಕಿಗೆ ನಮ್ಮಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯುಪೊರೆ, ಇಲ್ಲ. ಅದು ಎದೆಗೂಡನ್ನು ಹಿಗ್ಗಿಸಿ ಕುಗ್ಗಿಸಿ, ಶ್ವಾಸಕೋಶದ ಆಚೆಗೂ ಹಬ್ಬಿರುವ ಗಾಳಿಚೀಲಗಳ ಮೂಲಕ ಉಸಿರಾಡುತ್ತದೆ. ಹಾರಾಟಕ್ಕೆ ಬೇಕಾದ ಆಮ್ಲಜನಕವನ್ನು ಹೀರಿಕೊಳ್ಳಲು ಆ ಏರ್ಪಾಡು ಎಷ್ಟು ಸಮರ್ಥವೋ ವಿಷವನ್ನು ಹೀರಿಕೊಳ್ಳಲೂ ಅಷ್ಟೇ ಸಮರ್ಥ. ಸುಗಂಧದ್ರವ್ಯದ ಮಳಿಗೆಯ ಸಿಂಪಡಣೆ, ರೂಮ್ ಫ್ರೆಶನರ್, ನೆಲ ಒರೆಸುವ ರಾಸಾಯನಿಕದ ಘಾಟು, ಆಹಾರ ಮಳಿಗೆಗಳಲ್ಲಿ ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ, ಇವು ನಮಗೆ ಗಮನಕ್ಕೂ ಬರದ ಪ್ರಮಾಣದಲ್ಲಿ ಹಕ್ಕಿಗೆ ಅಪಾಯಕಾರಿ. ಕೊನೆಯದು ನಿಮಿಷಗಳಲ್ಲಿ ಕೊಲ್ಲಬಲ್ಲದು. ವಪೆ ಇಲ್ಲದ ಕಾರಣಕ್ಕೇ, ಜನಸಂದಣಿಯಲ್ಲಿ ಹಾರಿಹೋದೀತೆಂದು ಹಕ್ಕಿಯ ಎದೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ, ಮೂಗು ಬಾಯಿ ತೆರೆದೇ ಇದ್ದರೂ ಅದಕ್ಕೆ ಉಸಿರು ಕಟ್ಟುತ್ತದೆ. ಇದನ್ನು ನಾನು ಈಗ ಪ್ರತಿಯೊಬ್ಬರಿಗೂ ಒಂದು ಟವೆಲ್ ಹಿಡಿದು ಮಾಡಿ ತೋರಿಸುತ್ತೇನೆ, ಏಕೆಂದರೆ ಬಾಯಿಮಾತಿನಲ್ಲಿ ಹೇಳಿದರೆ ತಲೆಯಾಡಿಸಿ ಮರೆಯುತ್ತಾರೆ.

ಕಾರಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಹಕ್ಕಿಯ ಮೈಯ ಸಹಜ ಉಷ್ಣತೆಯೇ 40 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುತ್ತದೆ, ಅದಕ್ಕೆ ಬೆವರುಗ್ರಂಥಿಗಳಿಲ್ಲ. ಐದೇ ನಿಮಿಷ ಎಂದು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋದ ಹಕ್ಕಿಗಳಲ್ಲಿ ಕೆಲವು ನನ್ನ ಬಳಿಗೆ ಬರುವಷ್ಟರಲ್ಲಿ ತೀರಿಹೋಗಿದ್ದವು.

ನಾನು ನಿರೀಕ್ಷಿಸಿಯೇ ಇರದ ಉತ್ತರವೆಂದರೆ ಕಾಳು ತರಲು ಹೋಗುವಾಗ ಹಕ್ಕಿಯನ್ನೂ ಜೊತೆಗೆ ಒಯ್ಯುವುದು. ಅಂಗಡಿಯಲ್ಲಿ ನೂರಾರು ಹಕ್ಕಿಗಳಿವೆ, ನಮ್ಮದಕ್ಕೂ ಸ್ನೇಹಿತರು ಸಿಗಲಿ ಎಂಬ ಅಕ್ಕರೆ. ಹಾಗೆ ಹೋಗಿಬಂದ ಒಂದು ಬಜರಿಗರ್ ಎರಡು ವಾರಗಳ ಅನಂತರ ಕಣ್ಣಲ್ಲಿ ನೀರು, ಹಸಿರು ಹಿಕ್ಕೆ ಮತ್ತು ಉಬ್ಬಿದ ಗರಿಗಳೊಂದಿಗೆ ಬಂದಿತು. ಪರೀಕ್ಷೆಯಲ್ಲಿ ಸಿಟಕೋಸಿಸ್ ಎಂದು ತಿಳಿಯಿತು. ಅದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾ ಒಣಗಿದ ಹಿಕ್ಕೆಯ ಧೂಳಿನ ಮೂಲಕ ಮನುಷ್ಯರಿಗೂ ಹರಡಿ ನ್ಯುಮೋನಿಯಾ ತರಬಲ್ಲದು. ಹಕ್ಕಿಗೆ 45 ದಿನಗಳ ಡಾಕ್ಸಿಸೈಕ್ಲಿನ್ ಕೊಟ್ಟು, ಔಷಧವನ್ನು ಕ್ಯಾಲ್ಸಿಯಂ ತಡೆಯುವುದರಿಂದ ಹಕ್ಕಿ ಕುಟುಕಲೆಂದು ಪಂಜರದಲ್ಲಿಟ್ಟಿದ್ದ, ಕ್ಯಾಲ್ಸಿಯಂ ತುಂಬಿದ ಕಟಲ್ ಬೋನ್ ತೆಗೆಸಿ, ಕೆಮ್ಮುತ್ತಿದ್ದ ಮನೆಯ ಯಜಮಾನರಿಗೆ, ನಿಮ್ಮ ವೈದ್ಯರ ಬಳಿ ಹಕ್ಕಿಯ ವಿಷಯವನ್ನು ತಪ್ಪದೆ ಹೇಳಿ ಎಂದು ಚೀಟಿ ಬರೆದುಕೊಟ್ಟೆ. ಹಳೆಯ ಹಾಳೆಯಾಗಿದ್ದರೆ "ಮನೆಯಲ್ಲಿ ಬೇರೆ ಹಕ್ಕಿಗಳಿವೆಯೇ" ಎಂಬುದಕ್ಕೆ "ಇಲ್ಲ" ಎಂದು ಬರೆದು ನಾನು ಬೇರೆಲ್ಲೋ ಹುಡುಕುತ್ತಿದ್ದೆ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗುತ್ತದೆ. ಕೊರಳಿಗೆ ಗುಲಾಬಿ ಪಟ್ಟಿಯಿರುವ ನಮ್ಮ ನಾಡಿನ ಹಸಿರು ಗಿಳಿಯನ್ನು ಪಿಕ್ನಿಕ್ಕಿಗೆ ಒಯ್ಯಬಹುದೇ ಎಂದು ಕೇಳುವವರಿದ್ದಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಆಫ್ರಿಕನ್ ಗ್ರೇ ಸಾಕಿದವರಿಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಕೇಳುತ್ತೇನೆ. ಹೌದು ಎನ್ನುವವರು ಕಡಿಮೆ.

ಹಾಗಾದರೆ ಹಕ್ಕಿಯನ್ನು ಹೊರಗೆ ಕರೆದೊಯ್ಯಲೇಬಾರದೆ? ನಾನು ಹಾಗೆ ಹೇಳುವುದಿಲ್ಲ. ಎಂದೂ ಮನೆ ಬಿಡದ ಹಕ್ಕಿಗೆ ಚಿಕಿತ್ಸಾಲಯಕ್ಕೆ ಬರುವ ಒಂದು ದಿನದ ಪ್ರಯಾಣವೇ ಕಾಯಿಲೆಗಿಂತ ದೊಡ್ಡ ಆಘಾತವಾಗುವುದನ್ನು ಕಂಡಿದ್ದೇನೆ, ಆದ್ದರಿಂದ ಪ್ರಯಾಣದ ಪಂಜರ ರೂಢಿಯಲ್ಲಿರುವುದು ಒಳ್ಳೆಯದೇ. ಅದರಲ್ಲಿ ಅಲ್ಲಾಡದ ಒಂದು ಕೋಲು ಸಾಕು. ತೂಗಾಡುವ ಉಯ್ಯಾಲೆ, ಗಂಟೆ, ಕನ್ನಡಿ ಇದ್ದರೆ ಬ್ರೇಕ್ ಹಾಕಿದಾಗ ಅವೇ ಹಕ್ಕಿಗೆ ಬಡಿಯುತ್ತವೆ. ನೀರಿನ ಬಟ್ಟಲು ಚೆಲ್ಲಿ ಮೈ ಒದ್ದೆಯಾಗುವುದರ ಬದಲು ಸೌತೆಕಾಯಿಯ ಹೋಳು ಇಡಬಹುದು. ಮೂರು ಬದಿಗೆ ಹತ್ತಿಬಟ್ಟೆ ಹೊದಿಸಿದರೆ ಅದಕ್ಕೆ ಬೆನ್ನು ಕೊಟ್ಟು ಕೂರಲು ಒಂದು ಮೂಲೆ ಸಿಗುತ್ತದೆ, ಕಾರಿನಲ್ಲಿ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಬಿಗಿಯಬೇಕು. ಸಂತೆ, ಮಾಲ್, ಪಟಾಕಿಯ ಕಾಲ, ಬೇರೆ ಹಕ್ಕಿಗಳಿರುವ ಜಾಗ, ಇವುಗಳಿಗೆ ಮಾತ್ರ ನನ್ನ ಉತ್ತರ ಬೇಡ ಎಂದೇ.

ಆ ನಿವೃತ್ತ ಶಿಕ್ಷಕಿ ಈಗ ನನ್ನ ಬಳಿ ಹಕ್ಕಿಯ ರೆಕ್ಕೆ ಕತ್ತರಿಸಿಕೊಡಿ ಎಂದು ಕೇಳುವುದಿಲ್ಲ. ಹಕ್ಕಿ ಪಂಜರದಿಂದ ಹೊರಗಿರುವಾಗ ಫ್ಯಾನಿನ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚುತ್ತಾರೆ. ಮೊದಲ ವಾರ ಖಾಲಿ ಪಂಜರವನ್ನು ಹಾಲ್‌ನಲ್ಲಿ ಬಾಗಿಲು ತೆರೆದಿಟ್ಟರು, ಎರಡನೆಯ ವಾರ ಅದರೊಳಗೆ ನವಣೆಯ ತೆನೆ ಸಿಕ್ಕಿಸಿದರು, ಮೂರನೆಯ ವಾರ ಬಾಗಿಲು ಹಾಕಿ ಮಹಡಿಗೆ ಒಯ್ದರು, ಆಮೇಲೆ ಭಾನುವಾರಗಳಂದು ಬೆಳಿಗ್ಗೆ ಏಳರೊಳಗೆ ಬೀದಿಯ ಕೊನೆಯ ಕಲ್ಲುಬೆಂಚಿನ ಮೇಲೆ ಪಂಜರವನ್ನು ಪಕ್ಕದಲ್ಲಿಟ್ಟುಕೊಂಡು ಇಪ್ಪತ್ತು ನಿಮಿಷ ಕುಳಿತು ಬರತೊಡಗಿದರು. ಮೊದಲ ಮೂರು ಭಾನುವಾರ ಹಕ್ಕಿ ಸದ್ದು ಮಾಡಲಿಲ್ಲ. ನಾಲ್ಕನೆಯ ಭಾನುವಾರ ಹಾಲಿನವನ ಸೈಕಲ್ ಗಂಟೆಗೆ ಅದು ಒಳಗಿನಿಂದಲೇ ಶಿಳ್ಳೆಯಲ್ಲಿ ಉತ್ತರ ಕೊಟ್ಟದ್ದನ್ನು ಅವರು ಮೊಬೈಲಿನಲ್ಲಿ ದಾಖಲಿಸಿ ತಂದು ನನಗೆ ಕೇಳಿಸಿದರು. ಎಲ್ಲೆಲ್ಲಿ ಹೋಗಿತ್ತು ಎಂಬ ಪ್ರಶ್ನೆಯ ಎದುರು ನಾನು ಬೀದಿಯ ಕಲ್ಲುಬೆಂಚು ಎಂದು ಬರೆದು, ಅದರ ಕೆಳಗೆ ಅಂದಿನ ತೂಕ 94 ಗ್ರಾಂ ಎಂದು ಬರೆದುಕೊಂಡೆ.