ಸ್ಪೆಷಲ್ ಸ್ಕೂಲಾ, ಊರ ಶಾಲೆಯಾ?

"ಮಗಳಿಗೆ ಐಕ್ಯೂ ಕಮ್ಮಿ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಸ್ಪೆಷಲ್ ಸ್ಕೂಲಿಗೆ ಹಾಕಬೇಕಾ ಮೇಡಂ?"

ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಟೀಚರ್ ನಾನು. ಮದುವೆ ಮನೆ ಪಂಕ್ತಿಯಲ್ಲಿ ಕೂತಾಗಲೂ ಈ ಪ್ರಶ್ನೆ ತಪ್ಪಿದ್ದಲ್ಲ. ಐಕ್ಯೂ 50ರಿಂದ 69ರೊಳಗಿದ್ದರೆ, ಅಂದರೆ ಬೌದ್ಧಿಕ ಅಂಗವೈಕಲ್ಯ ಸೌಮ್ಯ ಮಟ್ಟದ್ದಾಗಿದ್ದರೆ, ನನ್ನ ಉತ್ತರ ಒಂದೇ: ಊರ ಶಾಲೆಗೇ ಕಳಿಸಿ.

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿಕಲಿ ಇದೆ, ಕಾರ್ಡು ಹಿಡಿದು ಆಡುತ್ತಾ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಹಿಂದೆ ಬಿದ್ದರೆ ಯಾರಿಗೂ ಎದ್ದು ಕಾಣುವುದಿಲ್ಲ. ಒಬ್ಬ ಹುಡುಗಿ ಹುಣಸೆ ಬೀಜ ಎಣಿಸುತ್ತಿದ್ದಳು. ಏಳಕ್ಕೆ ಬಂದಾಗ ಒಂದು ಬೀಜ ಮುಷ್ಟಿಯಲ್ಲೇ ಉಳಿದುಬಿಡುತ್ತಿತ್ತು. ಪಕ್ಕದ ಹುಡುಗ ಸುಮ್ನೆ ಅವಳ ಬೆರಳು ಬಿಡಿಸಿ ತೋರಿಸುತ್ತಿದ್ದ. ಅಷ್ಟು ಚೆನ್ನಾಗಿ ನನಗೂ ಕಲಿಸಲು ಬರುವುದಿಲ್ಲ.

ಎಡವಟ್ಟಾಗುವುದು ನಾಲ್ಕನೇ ಕ್ಲಾಸಿನಲ್ಲಿ. ಕಾರ್ಡು ಹೋಗಿ ಪುಸ್ತಕ ಬರುತ್ತದೆ. ಅದೇ ಹುಡುಗಿ ಬೋರ್ಡಿನ ಮೇಲಿದ್ದದ್ದನ್ನೆಲ್ಲ ಮುದ್ದಾಗಿ ಬರೆದುಕೊಂಡಿದ್ದಳು. ಮೇಷ್ಟ್ರು ರೈಟ್ ಕೂಡ ಹಾಕಿದ್ದರು. "ಇದೇನು ಪದ ಪುಟ್ಟಿ?" ಅಂದೆ. ಕಿಟಕಿ ಕಡೆ ನೋಡಿದಳು. ಹೀಗೆ ಸದ್ದಿಲ್ಲದೆ ಹಿಂದೆ ಉಳಿಯುವ ಮಕ್ಕಳೇ ಜಾಸ್ತಿ. ಗಲಾಟೆ ಮಾಡಿದ್ದರೆ ಯಾರಾದರೂ ನನಗೆ ಫೋನ್ ಮಾಡುತ್ತಿದ್ದರು, ಅಲ್ವಾ?

ಪ್ರೈಮರಿಯಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಆದರೆ ನಾನು ಒಂದು ಶಾಲೆಗೆ ಮತ್ತೆ ಹೋಗುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ.

ಇನ್ನು ಅಂಗವೈಕಲ್ಯದ ಸರ್ಟಿಫಿಕೇಟ್. "ನಾಳೆ ಮದುವೆಗೆ ತೊಂದರೆ" ಅಂತ ಅಜ್ಜಿಯರು ಬೇಡ ಅನ್ನುತ್ತಾರೆ. ಮಾಡಿಸಿ. ಇಂಥ ಮಕ್ಕಳಿಗೆ ಸಾಮಾನ್ಯವಾಗಿ 50% ಅಂತ ಬರೆಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯಕ್ಕೆ 40% ಇದ್ದರೆ ಸಾಕು. ಎಲ್ಲ ಮಕ್ಕಳ ಉಚಿತ ಶಿಕ್ಷಣದ ಹಕ್ಕು 14ಕ್ಕೆ ಮುಗಿದರೆ, ಇವರದ್ದು 18ರವರೆಗೆ ಇರುತ್ತದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದೇ. ಹಾಗಾಗಿ ಊರ ಶಾಲೆ ಸರಿಹೋಗದಿದ್ದರೆ ಆ ಬಾಗಿಲೂ ತೆರೆದೇ ಇದೆ.

ಶಾಲೆಯ ಹೆಸರಿಗಿಂತ ಮೊದಲು ಹೆಡ್‌ಮಾಸ್ಟರನ್ನು ಒಂದು ಮಾತು ಕೇಳಿ: "ನಾಲ್ಕನೇ ಕ್ಲಾಸಿನಲ್ಲಿ ಕೂತರೂ ಇವಳಿಗೆ ಎರಡನೇ ಕ್ಲಾಸಿನ ಲೆಕ್ಕ ಕೊಡ್ತೀರಾ?" ಕೊಡ್ತೀವಿ ಅಂದರೆ ಅಲ್ಲೇ ಸೇರಿಸಿ. "ಸಿಲಬಸ್ ಮುಗಿಸಬೇಕಲ್ಲ" ಅಂತ ರಾಗ ಎಳೆದರೆ ನನಗೆ ಹೇಳಿ. ನಾನೇ ಬಂದು ಕೂತು ಮಾತಾಡುತ್ತೇನೆ.