ಅಂಚಿನಲ್ಲಿದ್ದ 750

ಇಂಗ್ಲೆಂಡಿನ ಒಂದು ಸಣ್ಣ ಸಂಗ್ರಹಾಲಯದಲ್ಲಿ ಹಳೆಯ ಕಾಗದಪತ್ರ ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸೇರಿದ ಎರಡನೇ ವರ್ಷ ಮಾಡಿದ ಒಂದು ತಪ್ಪು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಒಂದು ಮನೆಯವರು ಎರಡು ರಟ್ಟಿನ ಪೆಟ್ಟಿಗೆ ತಂದುಕೊಟ್ಟರು. ತೀರಿಹೋದ ಹಿರಿಯರೊಬ್ಬರು ಕೂಡಿಟ್ಟದ್ದು. 1928ರ ಮಾರ್ಚ್‌ನಲ್ಲಿ ಶುರುವಾದ ‘ಟೆಲಿವಿಷನ್’ ಮಾಸಪತ್ರಿಕೆಯ ಬಿಡಿ ಸಂಚಿಕೆಗಳು, ಟಿವಿಯ ಆರಂಭಿಕ ಸಂಶೋಧಕರಲ್ಲಿ ಒಬ್ಬರಾದ ಜಾನ್ ಲೋಗಿ ಬೇರ್ಡ್ ಅವರ ಕಂಪನಿಯ ಕರಪತ್ರಗಳು, ಆ ಕಂಪನಿ ಮನೆಬಳಕೆಗೆ ಮಾರುತ್ತಿದ್ದ ಟಿವಿ, ‘ಟೆಲಿವೈಸರ್’ ಯಂತ್ರದ ಜೊತೆ ಬರುತ್ತಿದ್ದ ಕೈಪಿಡಿ. ಕಾಗದ ಹಳದಿಗಟ್ಟಿ, ಮಡಚಿದರೆ ಹಪ್ಪಳದಂತೆ ಮುರಿಯುತ್ತಿತ್ತು. ತುಕ್ಕು ಹಿಡಿದ ಪಿನ್ನುಗಳನ್ನು ಬಿಡಿಸಿ, ಧೂಳು ತೆಗೆದು, ಒಂದು ಸಂಚಿಕೆಯ ಹಿಂದಿನ ರಕ್ಷಾಪುಟದ ಮೇಲಿದ್ದ ಪೆನ್ಸಿಲ್ ಗೀಚುಗಳನ್ನು ಮೆತ್ತನೆಯ ರಬ್ಬರಿನಿಂದ ಅಳಿಸಿದೆ. ಯಾರೋ ಅಂಗಡಿಯವರು ಬರೆದ ಬೆಲೆ ಇರಬೇಕು ಅಂದುಕೊಂಡಿದ್ದೆ.

ಎರಡು ದಿನದ ಮೇಲೆ ಕೈಪಿಡಿ ಓದುತ್ತಾ ಕೈ ನಿಂತುಹೋಯಿತು. ಬೇರ್ಡ್ ಯಂತ್ರದೊಳಗೆ 30 ತೂತುಗಳ ಒಂದು ಬಿಲ್ಲೆ ತಿರುಗುತ್ತದೆ. ಹಿಂದೆ ನಿಯಾನ್ ದೀಪ. ಒಂದೊಂದು ತೂತೂ ಚಿತ್ರದ ಒಂದೊಂದು ಗೆರೆ ಎಳೆಯುತ್ತದೆ. ಬಿಲ್ಲೆ ಒಂದು ಸುತ್ತು ಬಂದರೆ ಒಂದು ಚಿತ್ರ. ಸೆಕೆಂಡಿಗೆ ಹನ್ನೆರಡೂವರೆ ಸುತ್ತು, ಅಂದರೆ ನಿಮಿಷಕ್ಕೆ 750. ವೇಗ ಚೂರು ತಪ್ಪಿದರೂ ಆ ಪುಟ್ಟ ಕಿತ್ತಳೆ ಬಣ್ಣದ ಚಿತ್ರ ಜಾರಿಹೋಗುತ್ತದೆ. ನಾನು ಅಳಿಸಿದ ಸಂಖ್ಯೆಗಳಲ್ಲಿ ಒಂದು 750.

ಅದು ಬೆಲೆಯಲ್ಲ. ಯಾರೋ ರಾತ್ರಿ ಕೂತು, ಗುಂಡಿ ತಿರುಗಿಸಿ, ಚಿತ್ರ ನಿಂತ ವೇಗವನ್ನು ಗುರುತು ಹಾಕಿಕೊಂಡಿದ್ದರು.

ನಮ್ಮ ತಾತ ಒಂಟಿಕೊಪ್ಪಲ್ ಪಂಚಾಂಗದ ಅಂಚಿನಲ್ಲಿ ಹಸು ಕರು ಹಾಕಿದ ದಿನ, ಮೊದಲ ಮಳೆ, ಕೈಸಾಲ ಎಲ್ಲ ಬರೆದಿಡುತ್ತಿದ್ದರು. ಅದನ್ನು ನೋಡಿಕೊಂಡು ಬೆಳೆದ ನನಗೇ ಇದು ಹೊಳೆಯಲಿಲ್ಲವಲ್ಲ ಅಂತ ತುಂಬಾ ನೊಂದುಕೊಂಡೆ.

ಇಷ್ಟೊಂದು ಯಾಕೆ ಹೇಳುತ್ತಿದ್ದೇನೆಂದರೆ, ಬಿಬಿಸಿಯ ಟ್ರಾನ್ಸ್‌ಮಿಟರ್‌ನಿಂದ 1929ರ ಸೆಪ್ಟೆಂಬರ್ 30ರಿಂದ 1935ರ ಸೆಪ್ಟೆಂಬರ್‌ವರೆಗೆ ಹೋದ ಆ 30 ಗೆರೆಗಳ ಪ್ರಸಾರದಲ್ಲಿ ಹೆಚ್ಚುಕಮ್ಮಿ ಏನೂ ಉಳಿದಿಲ್ಲ. ಗ್ರಾಮಫೋನ್ ತಟ್ಟೆಗಳ ಮೇಲೆ ಸಿಕ್ಕಿಬಿದ್ದ ಒಂದಿಷ್ಟು ತುಣುಕು ಬಿಟ್ಟರೆ ಮಿಕ್ಕದ್ದೆಲ್ಲ ಬಂದಂತೆಯೇ ಹೋಯಿತು. ಮೊದಮೊದಲು ಇದ್ದದ್ದು ಒಂದೇ ಟ್ರಾನ್ಸ್‌ಮಿಟರ್. ಚಿತ್ರ ಸ್ವಲ್ಪ ಹೊತ್ತು, ಆಮೇಲೆ ಧ್ವನಿ. ಎರಡೂ ಒಟ್ಟಿಗೆ ಬಂದದ್ದು 1930ರ ಮಾರ್ಚ್‌ನಲ್ಲಿ. ಅದು ಮನೆಯಲ್ಲಿ ಹೇಗೆ ಕಂಡಿತು ಎಂದು ಹೇಳುವುದಕ್ಕೆ ಇರುವುದು ಕಾಗದ, ಅದರ ಅಂಚಿನ ಪೆನ್ಸಿಲ್.

ಹಿರಿಯ ಸಹೋದ್ಯೋಗಿಗೆ ಹೇಳಿದೆ. ಅವರು ಬೈಯಲಿಲ್ಲ. “ಏನೇನು ಬರೆದಿತ್ತು ನೆನಪಿದೆಯಾ? ಈಗಲೇ ಬರೆದಿಡಿ,” ಅಂದರು. ಆಮೇಲೆ ಕೋಣೆ ಕತ್ತಲು ಮಾಡಿ, ಪುಟದ ಅಂಚಿಗೇ ದೀಪ ಇಟ್ಟು ಬೆಳಕನ್ನು ಅಡ್ಡಡ್ಡ ಹಾಯಿಸಿದರು. ಸೀಸ ಹೋದರೂ ಒತ್ತಿದ ಗುರುತು ಹೋಗಿರಲಿಲ್ಲ. 750 ಕಂಡಿತು, ಅದರ ಕೆಳಗೆ ಒಂದು ತಾರೀಖಿನ ಅರ್ಧ. ಮೂರನೇ ಸಾಲು ಮಾತ್ರ ಎಷ್ಟು ಕೋನ ಬದಲಿಸಿದರೂ ಏಳಲಿಲ್ಲ.

ಆ ಪೆಟ್ಟಿಗೆಗಳೇ ನನಗೆ ಮಿಕ್ಕ ಪಾಠವನ್ನೂ ಕಲಿಸಿದವು. ಪತ್ರಿಕೆಗಳನ್ನು ವರ್ಷಕ್ಕೊಂದರಂತೆ ಬೈಂಡ್ ಮಾಡಿಸುವಾಗ ರಕ್ಷಾಪುಟ, ಜಾಹೀರಾತು ಕಿತ್ತುಹಾಕುವುದು ಗ್ರಂಥಾಲಯಗಳಲ್ಲಿ ರೂಢಿಯಾಗಿತ್ತು. ಹಾಗಾಗಿ ಚೆಂದದ ಸಂಪುಟಕ್ಕಿಂತ ಹರುಕು ಬಿಡಿ ಸಂಚಿಕೆಗೇ ನನ್ನಲ್ಲಿ ಬೆಲೆ ಜಾಸ್ತಿ. ಬೇರ್ಡ್ ಕಂಪನಿಯ ತಾರೀಖಿಲ್ಲದ ಕರಪತ್ರ ಸಿಕ್ಕರೆ, ಲಂಡನ್ನಿನಲ್ಲಿ ಕಂಪನಿ ಆಗ ಎಲ್ಲಿತ್ತು ಎಂದು ವಿಳಾಸ ನೋಡುತ್ತೇನೆ. ಲಾಂಗ್ ಏಕರ್ ಅಂತಿದ್ದರೆ 1928ಕ್ಕಿಂತ ಹಿಂದಿನದಲ್ಲ, ಕ್ರಿಸ್ಟಲ್ ಪ್ಯಾಲೇಸ್ ಅಂತಿದ್ದರೆ 1933ಕ್ಕಿಂತ ಹಿಂದಿನದಲ್ಲ.

ಈಗ ಯಾವ ಪುಟ ಬಂದರೂ ಮೊದಲು ಫೋಟೊ, ಆಮೇಲೆ ಅಡ್ಡ ಬೆಳಕು, ಕೊನೆಗೆ ಬ್ರಷ್. ರಬ್ಬರ್ ಮೇಜಿನ ಮೇಲೆ ಇಲ್ಲ. ಆ ಸಂಚಿಕೆಯ ದಾಖಲೆಯಲ್ಲಿ, ಅಳಿಸಿಹೋದ ಮೂರು ಸಾಲುಗಳ ಪಕ್ಕ, ಅಳಿಸಿದ ದಿನವನ್ನೂ ನನ್ನ ಹೆಸರನ್ನೂ ಬರೆದಿದ್ದೇನೆ.