ಮೆಕೆತ್ರೆಯ ಕಣಜ: ಗುಮಾಸ್ತರಿಗೆ ಬಣ್ಣ ಶುರು

ಈಜಿಪ್ಟಿನ ಗೋರಿಯೊಂದರಲ್ಲಿ ಸಿಕ್ಕ ಮರದ ಕಣಜದ ಮಾದರಿಯನ್ನು ನಾನು ಚಿಕ್ಕದಾಗಿ ಮತ್ತೆ ಮಾಡುತ್ತಿದ್ದೇನೆ. ಅದರ ಗೋಡೆ, ಮೆಟ್ಟಿಲು ಮುಗಿದವು. ನಾಲ್ಕೂ ಮೂಲೆಗಳ ಚೂಪು ಕೊಂಬು ಕೂಡ ನಿಂತಿದೆ. ಇನ್ನು ಆಳುಗಳ ಗೊಂಬೆಗಳ ಸರದಿ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಮೆಕೆತ್ರೆ ಸುಮಾರು 4000 ವರ್ಷ ಹಿಂದಿನ ಈಜಿಪ್ಟಿನ ದೊಡ್ಡ ಅಧಿಕಾರಿ. ಥೀಬ್ಸ್‌ನಲ್ಲಿರುವ ಅವನ ಗೋರಿಯನ್ನು ಕಳ್ಳರು ದೋಚಿದ್ದರೂ ನೆಲದಡಿಯ ಒಂದು ಪುಟ್ಟ ಕೋಣೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. 1920ರಲ್ಲಿ ಪುರಾತತ್ವಜ್ಞ ವಿನ್‌ಲಾಕ್ ತಂಡಕ್ಕೆ ಅಲ್ಲಿ ದೋಣಿ, ಕೊಟ್ಟಿಗೆ, ಬೇಕರಿ, ಕಣಜ ಎಲ್ಲವೂ ಮರದ ಮಾದರಿಗಳಾಗಿ ಸಿಕ್ಕವು. ಕಣಜ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಉದ್ದ ಸುಮಾರು 75 ಸೆಂ.ಮೀ.; ನನ್ನದು ಅದರ ಅರ್ಧ.

ಮೂಟೆ ಹೊರುವವರನ್ನು ಹಾಲೆಮರದಲ್ಲಿ ಕೆತ್ತಿದೆ. ಮೈ ಒಂದು ತುಂಡು, ಕೈಗಳು ಬೇರೆ. ಭುಜದಲ್ಲಿ ತೂತು ಕೊರೆದು ಮರದ ಮೊಳೆ ಬಡಿದು ಕೂರಿಸುವುದು. ಈಜಿಪ್ಟಿನವರೂ ಹೀಗೇ ಮಾಡುತ್ತಿದ್ದರು. ಮೇಲೆ ಬಿಳಿ ಅಸ್ತರು. ಅಂಟಿಗೆ ನಾನು ಹುಣಸೆಬೀಜದ ಸರಿ ಬಳಸಿದೆ, ಇದು ಮಾತ್ರ ನಮ್ಮ ಕಡೆಯ ಪದ್ಧತಿ. ಗಂಡಸರ ಮೈಗೆ ಕೆಮ್ಮಣ್ಣು, ಕೂದಲಿಗೆ ಕಾಡಿಗೆ ಕಪ್ಪು, ಲುಂಗಿಯಂಥ ಉಡುಗೆಗೆ ಬಿಳಿ. ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ. ಬೇಕೆಂದೇ ಹಾಗೆ ಬಿಟ್ಟೆ. ಇವು ಯಾರದೋ ಭಾವಚಿತ್ರಗಳಲ್ಲ. ಸತ್ತ ಯಜಮಾನನಿಗೆ ಆಚೆ ಲೋಕದಲ್ಲಿ ರೊಟ್ಟಿ, ಬಿಯರ್ ತಪ್ಪದಂತೆ ದುಡಿಯಬೇಕಾದ ಕೈಗಳು. ಕಣ್ಣಿಗೆ ಮಾತ್ರ ಬಿಳಿ ತುಂಬಿ ಕಪ್ಪು ಅಂಚು ದಪ್ಪಗೆ ಎಳೆಯಬೇಕು, ಇಲ್ಲದಿದ್ದರೆ ಆಳು ನಿದ್ದೆ ಹೊಡೆದಂತೆ ಕಾಣುತ್ತಾನೆ.

ನನಗೆ ಇಷ್ಟವಾಗಿರುವುದು ಗುಮಾಸ್ತರ ಅಂಗಳ. ಧಾನ್ಯ ಸುರಿಯುವವರಷ್ಟೇ ಮುಖ್ಯ, ಪಕ್ಕದಲ್ಲಿ ಕೂತು ಲೆಕ್ಕ ಬರೆಯುವವರು. ಇಬ್ಬರ ತೊಡೆಯ ಮೇಲೆ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಸುರುಳಿ, ಇನ್ನಿಬ್ಬರ ಕೈಯಲ್ಲಿ ಮರದ ಹಲಗೆ. ಸತ್ತ ಮೇಲೂ ಸ್ಟಾಕ್ ರಿಜಿಸ್ಟರ್ ಬಿಡಲಿಲ್ಲ ಪುಣ್ಯಾತ್ಮರು! ಸುರುಳಿಗೆ ತೆಳು ಕಾಗದವನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ್ದೇನೆ. ಗೆರೆಗಳನ್ನು ಒಂದೆಳೆ ಕುಂಚದಲ್ಲಿ ಎಳೆಯಬೇಕು.

ಇಂಥ ಕೆಲವು ಕಣಜಗಳೊಳಗೆ ನಿಜವಾದ ಧಾನ್ಯವನ್ನೇ ಇಟ್ಟಿದ್ದರು. ಈಜಿಪ್ಟಿನವರ ಮುಖ್ಯ ಗೋಧಿ ಎಮ್ಮರ್, ಅಂದರೆ ನಮ್ಮ ಉತ್ತರ ಕರ್ನಾಟಕದ ಸದಕ ಗೋಧಿಯ ಜಾತಿಯದೇ. ಹಾಗಾಗಿ ಧಾರವಾಡದಿಂದ ಒಂದು ಸೇರು ತರಿಸಿದ್ದೇನೆ. ಹುಳ ಹತ್ತದಂತೆ ಬಿಸಿಲಿಗೆ ಹಾಕಿದೆ. ಒಳಕೋಣೆಯ ಬಣ್ಣ ಒಣಗಿದ ಮೇಲೆ ತುಂಬುತ್ತೇನೆ. ಬಾಗಿಲು, ಅದರ ಅಗಳಿ ಮುಂದಿನ ಕಂತಿಗೆ.